ರೊಟ್ಟಿ ಬಡಿದು ಆರಿಸಿದ ಕಲ್ಲು

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಹೇಗೋ ನೆಪ ಮಾಡಿಕೊಂಡು ಅಡುಗೆಮನೆ ಹೊಕ್ಕು, ಅವರ ಅಡುಗೆ ಕಟ್ಟೆಯ ಮೇಲೆ ಅಂಗೈ ಆಡಿಸಿಬಿಡುತ್ತೇನೆ. ನೀರು ಕುಡಿಯುವ ನೆಪ, ಚಹಾ ಕಪ್ಪು ತೊಳೆದಿಡುವ ನೆಪ, ಏನೂ ಸಿಗದಿದ್ದರೆ "ಒಗ್ಗರಣಿ ವಾಸನಿ ಘಮ್ಮಂತ ಬರಾಕತ್ತೈತಲ್ರಿ" ಅನ್ನುವ ನೆಪ. ಸವರಿದ ಮೇಲೆ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುವುದೂ ರೂಢಿಯಾಗಿದೆ. ಹಾಗಾಗಿ ಮನೆಯವರಿಗೆ ನಾನು ಧೂಳು ಪರೀಕ್ಷೆ ಮಾಡಲು ಬಂದವಳಂತೆ ಕಾಣುತ್ತೇನೆ. ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಗೃಹಪ್ರವೇಶಕ್ಕೆ ಕರೆದಿದ್ದರು. ನಾನು ಕಟ್ಟೆ ಸವರಿದ್ದೇ ತಡ, ಅವರ ತಾಯಿ ಓಡಿಬಂದು ಒದ್ದೆ ಬಟ್ಟೆಯಿಂದ ಈ ತುದಿಯಿಂದ ಆ ತುದಿಯವರೆಗೆ ಒರೆಸಿದರು. "ತಪ್ಪು ತಿಳೀಬ್ಯಾಡ್ರಿ, ಕಲ್ಲು ಎಷ್ಟು ತಣ್ಣಗೈತಿ ಅಂತ ನೋಡಿದೆ" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಮೊನ್ನೆ ನಮ್ಮ ಓಣಿಯಲ್ಲಿ ಮನೆ ಕಟ್ಟಿಸುತ್ತಿರುವ ಹುಡುಗಿಯೊಬ್ಬಳು ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ನನ್ನ ಮುಂದೆ ಸುರಿದಳು. "ಆಂಟಿ, ಇದರಾಗ ಅಡಿಗಿ ಕಟ್ಟಿಗೆ ಯಾವುದು ಹಾಕಿದ್ರ ಚಲೋ ಕಾಣತೈತಿ?" ಅಂತ ಕೇಳಿದಳು.

"ಕಾಣೋದು ಆಮ್ಯಾಲೆ ನೋಡೂಣು. ಮದ್ಲ ನಿಮ್ಮನ್ಯಾಗ ರೊಟ್ಟಿ ಯಾರು ಬಡೀತಾರ ಹೇಳು" ಅಂದೆ.

ಅವಳು ಕಿಸಕ್ಕನೆ ನಕ್ಕು, "ರೊಟ್ಟಿ ಹೊರಗಿಂದ ತರಸ್ತೀವಿ ಆಂಟಿ" ಅಂದಳು.

ಕಲ್ಲಿನ ಬಗ್ಗೆ ನನ್ನಲ್ಲಿದ್ದ ಜ್ಞಾನವೆಲ್ಲ ಆ ಒಂದು ಮಾತಿಗೆ ಮುಗಿದುಹೋಯಿತು. ಚಹಾ ಕುಡಿಸಿ ಕಳಿಸಿದೆ. ಅವಳು ಹೋದ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೆ.

ಕಲ್ಲಿನ ಹುಚ್ಚು ನನಗೆ ಚಿಕ್ಕಂದಿನಿಂದಲೇ ಇದ್ದಿರಬೇಕು. ನಾನು ಹುಟ್ಟಿ ಬೆಳೆದದ್ದು ಹರಪನಹಳ್ಳಿಯ ಒಂದು ಮಾಳಿಗೆ ಮನೆಯಲ್ಲಿ. ನಡುಮನೆಗೆಲ್ಲ ಒರಟು ಬಂಡೆ ಹಾಸಿದ್ದರು. ಬೇಸಿಗೆಯ ಮಧ್ಯಾಹ್ನ ಪಾಟೀಚೀಲ ಎಸೆದವಳೇ ಕೆನ್ನೆಯನ್ನು ಬಂಡೆಗೆ ಒತ್ತಿ ಬಿದ್ದುಕೊಳ್ಳುತ್ತಿದ್ದೆ. ಒಂದು ಬಂಡೆ ಬೆಚ್ಚಗಾದರೆ ಪಕ್ಕದ ಬಂಡೆಗೆ ಉರುಳುವುದು, ಅದೂ ಬೆಚ್ಚಗಾದರೆ ಇನ್ನೊಂದಕ್ಕೆ. ಹೀಗೆ ಉರುಳುತ್ತ ಉರುಳುತ್ತ ತಲೆಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಬಂದಿರುತ್ತಿದ್ದೆ. ಅಲ್ಲಿ ಒಲೆ ಮುಂದೆ ಕೂತ ಅಮ್ಮ ನನ್ನನ್ನು ನೋಡಿ, "ಏಳೇ ಮೇಲೆ, ಮುಖದ ತುಂಬ ಕಲ್ಲು ಮೂಡೈತೆ, ಯಾರಾನ ನೋಡಿದ್ರೆ ಸಿಡುಬು ಎದ್ದೈತೆ ಅಂದ್ಕಂತಾರೆ" ಅನ್ನುತ್ತಿದ್ದಳು. ಅವಳು ರೊಟ್ಟಿ ಬಡಿಯುತ್ತಿದ್ದುದು ಮರದ ಹರಿವಾಣದಲ್ಲಿ. ಅದರ ಸಪ್ಪಳ ಮೆತ್ತಗೆ, ಯಾರೋ ಮಗುವಿನ ಬೆನ್ನು ತಟ್ಟಿ ಮಲಗಿಸಿದಂತೆ ಇರುತ್ತಿತ್ತು. ಆ ಸಪ್ಪಳಕ್ಕೆ ನನಗೆ ನಿಜವಾಗಿಯೂ ನಿದ್ದೆ ಬರುತ್ತಿತ್ತು.

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದಾಗ ನನ್ನ ಬಗ್ಗೆ ಊರಿನವರು ಮೊದಲು ಆಡಿದ ಮಾತು ನನ್ನ ಓದಿನದೂ ಅಲ್ಲ, ಬಣ್ಣದ್ದೂ ಅಲ್ಲ, ಎತ್ತರದ್ದು. ನಾನು ನನ್ನ ಯಜಮಾನರಿಗಿಂತ ಉದ್ದ. ನಮ್ಮ ಮದುವೆಯ ಫೋಟೋದಲ್ಲಿ ಇಬ್ಬರೂ ಸರಿಸಮ ಕಾಣುತ್ತೇವೆ. ಅವರ ಕಾಲಿನ ಕೆಳಗಿದ್ದ ಇಟ್ಟಿಗೆ ಫೋಟೋಕ್ಕೆ ಬಂದಿಲ್ಲ, ಅಷ್ಟೇ. ಇನ್ನು ಅತ್ತೆ ಹಾಲವ್ವ ತಮ್ಮ ಮಗನಿಗಿಂತಲೂ ಗಿಡ್ಡ. ನನ್ನ ಪಕ್ಕ ನಿಂತರೆ ಅವರ ತಲೆಯ ಬೈತಲೆ ನನಗೆ ಚೆನ್ನಾಗಿ ಕಾಣುತ್ತಿತ್ತು. "ಯವ್ವಾ, ನಿನ್ನ ಜೋಡಿ ಮಾತಾಡಿ ಮಾತಾಡಿ ನನ್ನ ಕುತ್ತಿಗಿ ನೋಯಾಕತ್ತೈತಿ. ಒಂದೀಟು ಕುಂದ್ರು" ಅನ್ನುತ್ತಿದ್ದರು.

ಅತ್ತೆ ಹೊಳೆದಂಡೆಯ ಮಾಗಳದವರು. ಯಜಮಾನರು ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಹಾಕಿದ ಮೇಲೆ ಮಗನ ಜೊತೆ ಇಲ್ಲಿಗೆ ಬಂದು ಬಾಡಿಗೆ ಮನೆ ಮಾಡಿದ್ದರು. ಬರುವಾಗ ಮಾಗಳದಿಂದ ಹೊತ್ತು ತಂದಿದ್ದು ಒಂದು ಹಾಸುಗಲ್ಲು. ಒಲೆಯ ಪಕ್ಕ ನೆಲದ ಮೇಲೆ ಅದನ್ನಿಟ್ಟುಕೊಂಡು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತು ರೊಟ್ಟಿ ಬಡಿಯುವರು. ಮರದ ಹರಿವಾಣದ ಸಪ್ಪಳ ಕೇಳಿ ಬೆಳೆದ ನನಗೆ ಮೊದಲ ದಿನ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅನ್ನಿಸಿ ಎದ್ದು ಹೋಗಿ ಚಿಲಕ ತೆಗೆದಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವರ ರೊಟ್ಟಿ ತಿರುಗುತ್ತಲೇ ಹಿಗ್ಗುತ್ತಿತ್ತು, ಅಂಚು ಎಲ್ಲೂ ಸೀಳುತ್ತಿರಲಿಲ್ಲ, ಎತ್ತಿ ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ನನ್ನ ರೊಟ್ಟಿಯ ಬಗ್ಗೆ ಅವರು ಹೇಳಿದ್ದು ಒಂದೇ ಮಾತು, "ನಿಮ್ಮ ಹರಪನಹಳ್ಳಿ ಕಡಿ ಜನಾ ಗಟ್ಟಿ ಬಿಡವ್ವಾ, ಇದನ್ನ ತಿಂದು ಅರಗಿಸಿಕೊಂತಾರ."

ಹೀಗಿದ್ದ ಅತ್ತೆಯ ಮೊಣಕಾಲು ಒಂದು ಚಳಿಗಾಲದಲ್ಲಿ ಹಿಡಿದುಕೊಂಡವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಎಣ್ಣೆ ತಿಕ್ಕಿದ್ದಾಯಿತು, ಬಳ್ಳಾರಿಯ ಡಾಕ್ಟರಿಗೆ ತೋರಿಸಿದ್ದಾಯಿತು. ನೆಲದ ಮೇಲೆ ಕೂರುವುದನ್ನು ಬಿಡಬೇಕು ಅಂದುಬಿಟ್ಟರು. ಅಂದಿನಿಂದ ರೊಟ್ಟಿ ನನ್ನ ಪಾಲಿಗೆ ಬಂತು. ಮನೆಯಲ್ಲಿ ಗ್ಯಾಸ್ ಇಡಲು ಕಡಪಾ ಕಲ್ಲಿನ ಒಂದು ಸಣ್ಣ ಕಟ್ಟೆ ಇತ್ತು, ಒಲೆ ಮತ್ತು ಒಂದು ಪಾತ್ರೆಗೆ ಮಾತ್ರ ಜಾಗ. ಹಾಗಾಗಿ ನಾನು ಶಾಲೆಗೆ ಹೋಗುವ ಮುಂಚೆ ನೆಲದ ಮೇಲೆ ಕೂತು ನನ್ನ ದಪ್ಪ ರೊಟ್ಟಿ ಬಡಿದಿಟ್ಟು ಓಡುತ್ತಿದ್ದೆ. ಅತ್ತೆ ಅದನ್ನು ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದರು. ಹರಪನಹಳ್ಳಿಯ ಹೆಸರೆತ್ತಿ ಚೇಷ್ಟೆ ಮಾಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅದಕ್ಕಿಂತ ಸಂಕಟ ಅನ್ನಿಸಿದ್ದು ಇನ್ನೊಂದು. ರೊಟ್ಟಿ ಬಡಿಯುವುದು ನಿಂತ ಮೇಲೆ ಅವರು ಆ ಮನೆಯಲ್ಲಿ ನೆಂಟರ ಹಾಗೆ ಇರತೊಡಗಿದರು. ಪಡಸಾಲೆಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನಿರ್ಮಲಾ, ಸಕ್ಕರಿ ಡಬ್ಬಿ ತಗೀಲೇನವ್ವಾ?" ಅಂತ ಕೇಳಿದರು. ತಾವೇ ತುಂಬಿಟ್ಟ ಡಬ್ಬಿ, ತಾವೇ ಜಾಗ ಮಾಡಿದ ಗೂಡು. "ಕೇಳತೀರೇನತ್ತಿ ಇದನ್ನ?" ಅಂದೆ. ಅವರು ಸಕ್ಕರೆ ತೆಗೆದುಕೊಂಡು ಹೋದರು.

ಅದೇ ಹೊತ್ತಿಗೆ ನಾವು ಸ್ವಂತ ಮನೆ ಕಟ್ಟಿಸುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಗ ನಮ್ಮ ಕಡೆ ಮನೆ ಕಟ್ಟಿಸಿದವರೆಲ್ಲ ನಿಂತು ಅಡುಗೆ ಮಾಡುವ ಉದ್ದನೆಯ ಕಟ್ಟೆ ಹಾಕಿಸಿ, ಅದಕ್ಕೆ ಯಾವ ಕಲ್ಲು ಹಾಸಿದ್ದೇವೆ ಅನ್ನುವುದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಹೊಸ ಕಟ್ಟೆಯಾದರೆ ಅತ್ತೆ ನಿಂತುಕೊಂಡು ರೊಟ್ಟಿ ಬಡಿಯಬಹುದು ಅನ್ನುವ ಆಸೆ ನನ್ನದು. ಅತ್ತೆಗೆ ಆ ಆಸೆ ಇರಲಿಲ್ಲ. "ನಿಂತು ರೊಟ್ಟಿ ಬಡಿಯಾಕ ನಾನೇನು ಹೋಟೆಲ್‌ನ್ಯಾಕಿ ಏನು? ನಿಮಗ ಹೆಂಗ ಬೇಕೋ ಹಂಗ ಮಾಡ್ಕೊಳ್ರಿ, ನಂದೇನೈತಿ" ಅನ್ನುತ್ತಿದ್ದರು. ಆ 'ನಂದೇನೈತಿ' ಕೇಳಿದಾಗಲೆಲ್ಲ ಯಜಮಾನರು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುವರು.

ಯಾವ ಕಲ್ಲು ಹಾಸಬೇಕು ಅನ್ನುವುದಕ್ಕೆ ಸಲಹೆಗಳೇನೂ ಕಡಿಮೆ ಇರಲಿಲ್ಲ. ಕೂಡ್ಲಿಗಿಯಲ್ಲಿರುವ ನನ್ನ ಸೋದರಮಾವ ತಮ್ಮ ಮನೆಯ ಕಟ್ಟೆ ನೋಡಿ ಹೋಗಲು ಹೇಳಿಕಳಿಸಿದರು. ಹೋದೆ. ಕನ್ನಡಿಯಂಥ ಕಲ್ಲು, ಅಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು ಅಂತ ಮಾವ ಎಷ್ಟು ಕೇಳಿದರೂ ಹೇಳಲಿಲ್ಲ. ಅವರ ಮೊಮ್ಮಗಳು ನನ್ನ ಸೆರಗು ಹಿಡಿದೆಳೆದು ಕಟ್ಟೆಯ ಕೆಳಗೆ ಬಗ್ಗಿಸಿದಳು. ಅಲ್ಲಿ ಅಡಿಮೇಲಾಗಿ ಅಕ್ಷರ ಕೆತ್ತಿತ್ತು, 'ಅಡಿಗಲ್ಲು ಸಮಾರಂಭ', 'ಅಧ್ಯಕ್ಷತೆ', 'ಘನ ಉಪಸ್ಥಿತಿ'. ಯಾವುದೋ ಕಟ್ಟಡದ ಸಮಾರಂಭ ರದ್ದಾಗಿ ಬೇಡವಾದ ಕಲ್ಲಂತೆ. ಗಣ್ಯರೆಲ್ಲ ಮಾವನ ಅಕ್ಕಿಡಬ್ಬಿಯ ತಲೆಯ ಮೇಲೆ ತಲೆಕೆಳಗಾಗಿ ಉಪಸ್ಥಿತರಿದ್ದರು. ಹುಡುಗಿ ಕನ್ನಡ ಓದಲು ಕಲಿತದ್ದೇ ಅಲ್ಲಿ ಮಲಗಿಕೊಂಡು ಅಂತ ಅವಳ ತಾಯಿ ಹೇಳಿದಳು.

ನನ್ನ ಮನಸ್ಸಿನಲ್ಲಿದ್ದದ್ದು ಕೆಂಪು ಗ್ರಾನೈಟ್. ನಮ್ಮ ಹೆಡ್ ಮೇಡಂ ಮನೆಯಲ್ಲಿತ್ತು. ಕೆಂಪಿನ ಮೇಲೆ ಕರಿ ಚುಕ್ಕೆ, ಬೂದಿ ಚುಕ್ಕೆ, ಅಲ್ಲಲ್ಲಿ ಮಿಂಚು. ಅದನ್ನು ನೋಡಿದಂದಿನಿಂದ ನನಗೆ ಪಾಠ ಮಾಡುವಾಗಲೂ ಅದೇ ಧ್ಯಾನ. ಒಂದು ಭಾನುವಾರ ಕಲ್ಲು ನೋಡಲು ಹೊರಟೆವು. ಅತ್ತೆಯನ್ನು ಸುಮ್ಮನೆ ಒಂದು ಮಾತಿಗೆ ಕರೆದದ್ದು, ಅವರು ಸೀರೆ ಬದಲಿಸಿ ಬಂದೇಬಿಟ್ಟರು. ಕೈಯಲ್ಲೊಂದು ಚೀಲ, ಅದರಲ್ಲೊಂದು ಸ್ಟೀಲ್ ಡಬ್ಬಿ. ಯಜಮಾನರು ಬುತ್ತಿ ಅಂದುಕೊಂಡು ಆಟೋದಲ್ಲಿ ದಾರಿಯುದ್ದಕ್ಕೂ ಅದರ ಮೇಲೆ ಕಣ್ಣಿಟ್ಟಿದ್ದರು.

ಊರು ದಾಟಿ ಕೊಟ್ಟೂರಿನ ರಸ್ತೆಯಲ್ಲಿ ಸ್ವಲ್ಪ ಹೋದರೆ ದಾದಾಪೀರ್ ಸಾಹೇಬರ ಕಲ್ಲಿನ ಅಂಗಡಿ. ಅಂಗಡಿ ಅಂದರೆ ಬೇವಿನ ಮರದ ಕೆಳಗೆ ಒಂದು ಮೇಜು, ಹಿಂದೆ ತಗಡಿನ ಶೆಡ್ಡು, ಸುತ್ತ ಸಾಲಾಗಿ ನಿಲ್ಲಿಸಿದ ಬಂಡೆಗಳು. ದಾದಾಪೀರ್ ಬಾಯಿ ತುಂಬ ಮಾತಾಡುವ ಮನುಷ್ಯ. ಯಾವ ಕಲ್ಲಿನ ಮುಂದೆ ನಿಂತರೂ "ಇದರಂಥಾದ್ದು ಇನ್ನೊಂದಿಲ್ರಿ ಮೇಡಂ" ಅನ್ನುವರು, ಮುಂದಿನ ಕಲ್ಲಿಗೆ ಹೋದರೆ ಅಲ್ಲೂ ಅದೇ ಮಾತು. ಮೊದಲು ಬಿಳಿ ಮಾರ್ಬಲ್ ತುಂಡನ್ನು ಮೇಜಿನ ಮೇಲಿಟ್ಟು, "ಇದನ್ನ ಹಾಕ್ರಿ, ಮನಿ ಅರಮನಿ ಆಗತೈತಿ" ಅಂದರು.

ಅತ್ತೆ ಆಗ ಡಬ್ಬಿ ತೆರೆದರು. ಒಂದು ಖಾನೆಯಲ್ಲಿ ಒಣ ಜೋಳದ ಹಿಟ್ಟು, ಇನ್ನೊಂದರಲ್ಲಿ ಬಿಸಿನೀರಲ್ಲಿ ನಾದಿ ಒದ್ದೆ ಬಟ್ಟೆ ಸುತ್ತಿದ ಮುದ್ದೆ. ಯಜಮಾನರ ಮುಖ ಇಳಿದುಹೋಯಿತು. ಅತ್ತೆ ಒಣಹಿಟ್ಟನ್ನು ಮಾರ್ಬಲ್ ಮೇಲೆ ಉದುರಿಸಿ ಕಣ್ಣು ಕಿರಿದು ಮಾಡಿ ನೋಡಿದರು. "ಹಿಟ್ಟು ಎಲ್ಲೈತಿ, ಕಲ್ಲು ಎಲ್ಲೈತಿ ನನಗಂತೂ ತಿಳೀವಲ್ದು. ರೊಟ್ಟಿ ಅಂಚು ಕಾಣಬೇಕಲ್ಲಪಾ" ಅಂದರು. ಅವರ ಕಣ್ಣಿಗೆ ಪೊರೆ ಬರುತ್ತಿದ್ದ ಕಾಲ ಅದು, ನಮಗೆ ಹೇಳಿರಲಿಲ್ಲ. ನನ್ನ ಕೆಂಪು ಗ್ರಾನೈಟ್ ಸರದಿ ಬಂತು. ಬೆರಳಿನಿಂದ ಸವರಿ, "ಚಂದೈತಿ. ಆದ್ರ ಇರಿವಿ ಹರದಾಡಿದ್ರ ಗೊತ್ತಾಗಂಗಿಲ್ಲವ್ವಾ, ಎಲ್ಲಾ ಚುಕ್ಕಿ ಒಂದ ನಮೂನಿ ಅದಾವ" ಅಂದರು. ಕಡಪಾ ಕಲ್ಲನ್ನು ನಾನೇ ಬೇಡ ಅಂದೆ. ಬಾಡಿಗೆ ಮನೆಯಲ್ಲಿ ಹುಣಸೆರಸ ಚೆಲ್ಲಿದಲ್ಲೆಲ್ಲ ಬೆಳ್ಳಗೆ ಕಲೆ ಬಿದ್ದು, ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಿತ್ತು.

ನಾನು ಅಷ್ಟಕ್ಕೆ ಕೆಂಪು ಕಲ್ಲನ್ನು ಬಿಡುವವಳಲ್ಲ. ಇರುವೆ ಬಾರದ ಹಾಗೆ ಸುತ್ತ ಅರಿಸಿನದ ಗೆರೆ ಎಳೆಯುತ್ತೇನೆ ಅಂತ ಯಜಮಾನರ ಜೊತೆ ವಾದಕ್ಕೆ ನಿಂತೆ. ಅವರು ನಕ್ಕರು, ನಾನು ಸಿಟ್ಟಾದೆ. ಆಗ ಶೆಡ್ಡಿನ ಒಳಗಿಂದ ಸಪ್ಪಳ ಬಂತು. ಟಪ್ ಟಪ್ ಟಪ್, ನಡುವೆ ಒಂದು ಸಣ್ಣ ತಡೆ, ಮತ್ತೆ ಟಪ್ ಟಪ್. ನಾವಿಬ್ಬರೂ ಮಾತು ನಿಲ್ಲಿಸಿದೆವು. ಎಷ್ಟೋ ತಿಂಗಳಾಗಿತ್ತು ಆ ಸಪ್ಪಳ ಕೇಳಿ.

ಒಳಗೆ ಇಟ್ಟಿಗೆ ಪೇರಿಸಿ ಅದರ ಮೇಲೆ ಉದ್ದನೆಯ ಕರಿ ಬಂಡೆಯೊಂದನ್ನು ಮಲಗಿಸಿದ್ದರು. ಇಡೀ ಅಂಗಡಿಯಲ್ಲಿ ಮಲಗಿದ್ದ ಕಲ್ಲು ಅದೊಂದೇ. ಅತ್ತೆ ಅದರ ಒಂದು ತುದಿಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು, ಕಲ್ಲು ಸರಿಯಾಗಿ ಅವರ ಮೊಳಕೈ ಮಟ್ಟಕ್ಕಿತ್ತು. ಕರಿ ಕಲ್ಲಿನ ಮೇಲೆ ಬಿಳಿ ರೊಟ್ಟಿ ತಿರುಗುತ್ತ ತಿರುಗುತ್ತ ದೊಡ್ಡದಾಗುತ್ತಿತ್ತು. ಒಂದು ಕೈ ಬಡಿಯುತ್ತಿತ್ತು, ಇನ್ನೊಂದು ಅಂಚು ಕಾಯುತ್ತಿತ್ತು. ಮೊಣಕಾಲಿನ ನೆನಪೇ ಅವರಿಗಿದ್ದಂತಿರಲಿಲ್ಲ. ನಮ್ಮನ್ನು ನೋಡಿ, "ಬಸೂ, ಬಾ ಇಲ್ಲೆ. ನೋಡು ಹೆಂಗ ಓಡಾಕತ್ತೈತಿ" ಅಂದರು, ಮಗನಿಗೆ ಹೊಸ ಆಟಿಕೆ ತೋರಿಸುವವರಂತೆ. ಯಜಮಾನರು ಮೂಗು ಒರೆಸಿಕೊಂಡರು.

ದಾದಾಪೀರ್ ಹಿಂದಿನಿಂದ ಓಡಿಬಂದರು. "ಅಯ್ಯಯ್ಯೋ ಅಮ್ಮಾ, ಆ ಕಲ್ಲು ಬ್ಯಾಡ್ರಿ! ಅದು ಸಮಾದಿಗೆ ಹೋಗೋ ಕಲ್ಲು!"

ಆಗ ನೋಡಿದೆ. ಬಂಡೆಯ ಇನ್ನೊಂದು ತುದಿಯಲ್ಲಿ ಕೆತ್ತುವುದಕ್ಕಾಗಿ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿದ್ದರು. ಅತ್ತೆಗೆ ಓದಲು ಬರುತ್ತಿರಲಿಲ್ಲ. "ಏನ್ ಬರದಾರವ್ವಾ, ಓದು" ಅಂದರು. ನಾನು ಓದಲು ಒಲ್ಲೆ ಅಂದೆ. "ಟೀಚರಾಗಿ ಓದಾಕ ಅಂಜತೀಯಲ್ಲ" ಅಂದದ್ದಕ್ಕೆ ಓದಿದೆ, "ಲಿಂಗೈಕ್ಯ ಕೊಟ್ರಮ್ಮ."

"ಯಾವೂರಾಕಿಪಾ?" ಅತ್ತೆ ಕೇಳಿದರು.

"ಹಡಗಲಿ ಕಡೀಯವರ್ರಿ ಅಮ್ಮಾ. ಹೊಲದಾಗ ಸಮಾದಿ ಕಟ್ಟಸ್ತಾರ. ಈ ಅರ್ಧ ಅವರಿಗೆ, ಉಳಿದದ್ದು ನನ್ನ ಕಡೀಗ ಐತಿ."

ಅತ್ತೆ ಡಬ್ಬಿಯಲ್ಲಿ ಉಳಿದಿದ್ದ ಹಿಟ್ಟಿನಿಂದ ಚಿಟಿಕೆಯಷ್ಟು ಮುರಿದು ಹೆಸರಿನ ಪಕ್ಕ ಇಟ್ಟು ಕೈಮುಗಿದರು. "ಪಾಪ, ಎಷ್ಟ ರೊಟ್ಟಿ ಬಡದಿದ್ಲೋ ಏನೋ" ಅಂದರು. ನಂತರ ದಾದಾಪೀರ್ ಕಡೆ ತಿರುಗಿ, "ಉಳದ ಅರ್ಧ ನಮಗ ಕೊಡು" ಅಂದರು.

ಮನೆಗೆ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ಬಂದ ಮೇಲೆ ಬಿಟ್ಟೆ. ಸಮಾಧಿಯ ಕಲ್ಲಿನ ಮೇಲೆ ಅನ್ನ ಮಾಡುವುದುಂಟೇ, ಓಣಿಯವರಿಗೆ ಗೊತ್ತಾದರೆ ನಮ್ಮ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿಯುತ್ತಾರೆಯೇ, ಮಕ್ಕಳಿರುವ ಮನೆ. ವಿಜ್ಞಾನ ಪಾಠ ಮಾಡುವ ಬಾಯಿಂದ ಬರಬಾರದ ಮಾತೆಲ್ಲ ಬಂತು. ಅತ್ತೆ ಪೂರ್ತಿ ಕೇಳಿದರು. "ಗುಡ್ಡ ಒಂದ ಇತ್ತು. ಅದರಾಗ ಒಂದು ತುಂಡು ಆಕಿ ತಲಿ ಮ್ಯಾಲೆ ಹೋಗತೈತಿ, ಒಂದು ತುಂಡು ನಮ್ಮ ಒಲಿ ಕೆಳಗ ಬರತೈತಿ. ಇದರಾಗ ಅಂಜೂದೇನೈತಿ?" ಅಂದರು. ಆಮೇಲೆ, "ನಿನಗ ಮನಸಿಲ್ಲಂದ್ರ ಬ್ಯಾಡವ್ವಾ. ಕೆಂಪಂದ ತರ್ರಿ, ನಂದೇನೈತಿ" ಅಂದರು.

ಮತ್ತೆ ಆ ಮಾತು. ನನ್ನ ಕೆಂಪು ಗ್ರಾನೈಟ್ ಅಲ್ಲಿಗೆ ಮುಗಿಯಿತು. ಮರುದಿನ ಶಾಲೆಗೆ ಹೋಗುವಾಗ ಯಜಮಾನರಿಗೆ, "ಆ ಕರಿ ಕಲ್ಲಿಗೇ ಹೇಳಿಬಿಡ್ರಿ" ಅಂದೆ. ಭಯ ಹೋಗಿತ್ತು ಅಂತಲ್ಲ. ಶೆಡ್ಡಿನಲ್ಲಿ ಕೇಳಿದ ಸಪ್ಪಳ ನನ್ನ ಭಯಕ್ಕಿಂತ ದೊಡ್ಡದಾಗಿತ್ತು.

ಕಲ್ಲು ಬರುವ ಮುಂಚೆ ಕಟ್ಟೆ ಏಳಬೇಕಲ್ಲ. ಹುಲಿಗೆಪ್ಪ ಮೇಸ್ತ್ರಿಗೆ ನಾನು ಗುಟ್ಟಾಗಿ, ಕಟ್ಟೆ ಅತ್ತೆಯ ಮೊಳಕೈಗೆ ಬರುವಂತೆ ತಗ್ಗು ಮಾಡು ಅಂತ ಹೇಳಿ ಶಾಲೆಗೆ ಹೋದೆ. ಸಂಜೆ ಬಂದರೆ ಕಟ್ಟೆ ಎತ್ತರಕ್ಕೆ ಎದ್ದಿದೆ. ಕೇಳಿದರೆ ಮೇಸ್ತ್ರಿ ತಲೆ ಕೆರೆದುಕೊಂಡ. ಮತ್ತೆ ಇಳಿಸಲು ಹೇಳಿದೆ, ಇಳಿಸಿದ. ಮರುದಿನ ನೋಡಿದರೆ ಮತ್ತೆ ಎತ್ತರ. ಕೊನೆಗೆ ಅವನು ಕರಣಿ ಕೆಳಗಿಟ್ಟು ಅಂಗಡಿಯಿಂದ ಯಜಮಾನರನ್ನೇ ಕರೆಸಿದ. "ನೋಡ್ರಿ ಬಸಣ್ಣಾರ, ನಾ ಎಷ್ಟೋ ಮನಿ ಕಟ್ಟೀನಿ. ಎಲ್ಲಾ ಮನ್ಯಾಗ ಅತ್ತಿ ತನಗ ಬೇಕಾದಂಗ ಮಾಡು ಅಂತಾಳ, ಸೊಸಿ ತನಗ ಬೇಕಾದಂಗ ಮಾಡು ಅಂತಾಳ. ನಿಮ್ಮನ್ಯಾಗ ಮೇಡಂನೋರು ಬಂದು 'ಅತ್ತಿ ಗಿಡ್ಡ ಅದಾರ, ಇಳಸು' ಅಂತಾರ. ಅವರು ಅತ್ಲಾಗ ಹೋದ ಕೂಡ್ಲೇ ಈ ಅಮ್ಮ ಬಂದು 'ಸೊಸಿ ಉದ್ದಕ ಅದಾಳ, ಆಕಿ ನಡಾ ನೋಯತೈತಿ, ಏರಸು' ಅಂತಾರ. ಕಟ್ಟೂದು ಕೆಡವೂದು, ಇದ ಆತು ನಂದು."

ನಾನು ಅತ್ತೆಯ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಮೇಸ್ತ್ರಿ ಇನ್ನು ಯಾರ ಮಾತನ್ನೂ ಕೇಳಲಿಲ್ಲ. ಯಜಮಾನರ ಭುಜ ಹಿಡಿದು ಗೋಡೆಗೆ ನಿಲ್ಲಿಸಿ, ಅವರ ಮೊಳಕೈ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ. "ನೀವು ಇಬ್ಬರ ನಡುವ ಅದೀರಿ. ಇಲ್ಲಿಗೇ ಕಟ್ಟತೀನಿ."

"ಲೇ ಹುಲಿಗೆಪ್ಪಾ, ನಾನೇನು ಅಡಿಗಿ ಮಾಡಾಂವೇನಲೇ?" ಅಂತ ಅವರು ಕೂಗಿಕೊಂಡರು. ಕೇಳುವವರಿರಲಿಲ್ಲ.

ಹೀಗಾಗಿ ನಮ್ಮ ಅಡುಗೆ ಕಟ್ಟೆ ಅಡುಗೆ ಮಾಡದ ಒಬ್ಬರ ಅಳತೆಗೆ ಎದ್ದು ನಿಂತಿತು. ನಾನು ಸ್ವಲ್ಪ ಬಗ್ಗಬೇಕು, ಅತ್ತೆ ಒಂದು ಮಣೆ ಹಾಕಿಕೊಂಡು ನಿಲ್ಲಬೇಕು. ಕರಿ ಕಲ್ಲು ಬಂತು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹಾಲುಕ್ಕಿಸಿದ ದಿನವೇ ರೊಟ್ಟಿ ಬಡಿದರು. ಮಿಕ್ಕ ಒಂದು ತುಂಡನ್ನು ಹಿತ್ತಲಲ್ಲಿ ಒರಟು ಮುಖ ಮೇಲೆ ಮಾಡಿ ಬಟ್ಟೆ ಒಗೆಯುವ ಕಲ್ಲು ಮಾಡಿಸಿದರು. ಅಡುಗೆಮನೆಯಲ್ಲಿ ಮತ್ತೆ ಅವರದ್ದೇ ದರ್ಬಾರು. ಡಬ್ಬಿಗಳನ್ನೆಲ್ಲ ಜಾಗ ಬದಲಿಸಿಟ್ಟರು, ಈಗ ಸಕ್ಕರೆ ಬೇಕಾದರೆ ನಾನು ಕೇಳಬೇಕಾಗಿತ್ತು. "ಹರಪನಹಳ್ಳಿಯವರಿಗೆ ಕೈಗೆ ಸಿಗೋ ಹಂಗ ಇಡಬಾರದು, ಇರಿವಿ ಜೋಡಿ ಅವರೂ ಬರತಾರ" ಅನ್ನುವರು. ನಾನು ಮರೆಯಲ್ಲಿ ನಿಂತು ಹಿಗ್ಗುತ್ತಿದ್ದೆ.

ಒಂದು ಬೆಳಿಗ್ಗೆ ಯಜಮಾನರಿಗೆ ಜ್ವರ, ಮಲಗಿದ್ದರು. "ಅತ್ತಿ, ಒಂದೀಟು ಮೆಲ್ಲಕ ಬಡೀರಿ" ಅಂದೆ. ಅತ್ತೆ ಬಹಳ ಸಹಜವಾಗಿ, "ಮೆಲ್ಲಕ ಬಡದ್ರ ಕೊಟ್ರಮ್ಮಗ ಹೆಂಗ ಕೇಳಬೇಕು?" ಅಂದರು. ನನಗೆ ಅರ್ಥವಾಗಲಿಲ್ಲ. "ಒಂದ ಕಲ್ಲಲ್ಲೇನವ್ವಾ? ಇಲ್ಲಿ ಬಡದ್ರ ಅಲ್ಲಿ ಆಕಿಗೆ ಸಪ್ಪಳಾ ಹೋಗತೈತಿ. ಒಬ್ಬಾಕೀನ ಹೊಲದಾಗ ಮಲಗ್ಯಾಳ. ಮುಂಜಾಲಿ ಆತು ಅಂತ ಗೊತ್ತಾಗತೈತಿ." ಹಾಸಿಗೆಯಿಂದ ಯಜಮಾನರು, "ಯವ್ವಾ, ಆಕಿಗೂ ಒಂದು ಫೋನ್ ಹಾಕಸೂಣು ಬಿಡು" ಅಂತ ನಕ್ಕರು. ಅತ್ತೆ ಬಡಿತ ನಿಲ್ಲಿಸಲಿಲ್ಲ.

ಅವರಿಗೆ ಅದು ಆಟದ ಮಾತಾಗಿರಲಿಲ್ಲ. ಮೈಲಾರದ ಜಾತ್ರೆಗೆ ಹೋಗುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಹಡಗಲಿ ದಾಟುವವರೆಗೂ ಹೊಲಗಳನ್ನೇ ನೋಡುತ್ತಿದ್ದರು. ಎಲ್ಲಿ ಕರಿ ಕಲ್ಲಿನ ಸಮಾಧಿ ಕಂಡರೂ ಕೈ ಮುಗಿಯುವರು. ಎಲ್ಲವೂ ಕೊಟ್ರಮ್ಮನವೇ ಆಗಿರಲಾರವು ಅಂದರೆ, "ಇರ್ಲಿ ಬಿಡು, ಅದರಾಗ ಒಂದು ಆಕೀದು ಇರತೈತಿ" ಅನ್ನುವರು.

ಅತ್ತೆ ಆ ಕಟ್ಟೆಯ ಮುಂದೆ ಎಷ್ಟೋ ವರ್ಷ ನಿಂತರು. ಹೋದದ್ದೂ ಅಂಥ ನರಳಾಟವಿಲ್ಲದೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾಗಳದ ಹೊಳೆಯ ಕಡೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಮುಂದೆ ಸಮಾಧಿ ಕಟ್ಟಿಸುವ ಮಾತು ಬಂದಾಗ ಯಜಮಾನರು ದಾದಾಪೀರ್ ಅಂಗಡಿಗೆ ಹೋಗಿ, ಬರಿಗೈಯಲ್ಲಿ ತಿರುಗಿ ಬಂದರು.

"ಯಾಕ್ರೀ, ಕಲ್ಲು ಸಿಗಲಿಲ್ಲೇನು?" ಅಂದೆ.

"ಬೇಕಾದಷ್ಟು ಅದಾವ" ಅಂದರು. ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತರು. "ಆದ್ರ ಅವೆಲ್ಲಾ ಬ್ಯಾರೆ ಗುಡ್ಡದ್ವು."

ಜ್ವರದಲ್ಲಿ ಮಲಗಿ ನಕ್ಕ ಮನುಷ್ಯ ಇವರೇನಾ ಅಂತ ನೋಡಿದೆ. ಇಬ್ಬರೂ ಹಿತ್ತಲಿಗೆ ಹೋದೆವು. ಒಗೆಯುವ ಕಲ್ಲು ಸೋಪಿನ ನೀರು ಕುಡಿದು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಮೀಟುಗೋಲು ಹಾಕಿ ಅವರು ಅದನ್ನು ಮಗುಚಿದರು. ಮಣ್ಣು ತೊಳೆದರೆ ಕೆಳಗಿನ ಮುಖ ಹಾಗೆಯೇ ಕರ್ರಗೆ ಹೊಳೆಯುತ್ತಿತ್ತು, ಅದರಲ್ಲಿ ನಮ್ಮಿಬ್ಬರ ಮುಖಗಳೂ ಕಂಡವು. ನಾನು ಅವತ್ತು ಜೋರಾಗಿ ಅತ್ತುಬಿಟ್ಟೆ. 'ಲಿಂಗೈಕ್ಯ ಹಾಲವ್ವ' ಅಂತ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟವಳೂ ನಾನೇ. ದಾದಾಪೀರ್ ಅದರ ಮೇಲೆಯೇ ಕೆತ್ತಿಸಿದರು.

ಅದಾದ ಮೇಲೆ ನನ್ನ ಬೆನ್ನು ಹಿಡಿದುಕೊಂಡಿತು. ಬಗ್ಗಿ ಬಗ್ಗಿ ರೊಟ್ಟಿ ಬಡಿದದ್ದಕ್ಕೆ ಅಂತ ಡಾಕ್ಟರು ಹೇಳಿದರು, ಇದನ್ನೇ ಅತ್ತೆ ಕಟ್ಟೆ ಏಳುವಾಗಲೇ ಮೇಸ್ತ್ರಿಗೆ ಹೇಳಿದ್ದರು. ಓಣಿಯ ಹುಡುಗಿಯ ಹಾಗೆ ನಾವೂ ಹೊರಗಿನಿಂದ ರೊಟ್ಟಿ ತರಿಸಬಹುದಿತ್ತು, ಒಂದು ವಾರ ತರಿಸಿದೆವು ಕೂಡ. ಆ ವಾರ ಮನೆ ಏನೋ ಕಳೆದುಕೊಂಡಂತೆ ಇತ್ತು. ಎಂಟನೆಯ ಬೆಳಿಗ್ಗೆ ಎದ್ದು ನೋಡಿದರೆ ಯಜಮಾನರು ಟವಲ್ ಸುತ್ತಿಕೊಂಡು ಕಟ್ಟೆಯ ಮುಂದೆ ನಿಂತಿದ್ದಾರೆ. ಬಗ್ಗಬೇಕಾಗಿಲ್ಲ, ಮಣೆ ಬೇಕಾಗಿಲ್ಲ, ಕಟ್ಟೆ ಅವರ ಮೊಳಕೈಗೆ ಸರಿಯಾಗಿ ಬಂದಿದೆ. ಹಿಟ್ಟು ಮೂಗಿನವರೆಗೂ ಹತ್ತಿದೆ. ಕಲ್ಲಿನ ಮೇಲಿದ್ದದ್ದನ್ನು ರೊಟ್ಟಿ ಅನ್ನಲು ಧೈರ್ಯ ಬೇಕು. ಒಂದು ಕಡೆ ಸೀಳಿ, ಒಂದು ಕಡೆ ದಪ್ಪಗೆ, ನನ್ನ ಹರಪನಹಳ್ಳಿ ರೊಟ್ಟಿಯೂ ಅದರ ಮುಂದೆ ತೆಳ್ಳಗಿನ ಹಪ್ಪಳ. ಅದನ್ನು ಅವರು ಬೆರಳ ತುದಿಯಿಂದ ಸದ್ದಾಗದಂತೆ ಒತ್ತುತ್ತಿದ್ದರು.

"ಅದೇನು, ರೊಟ್ಟಿಗೆ ನೋಯತೈತೇನ್ರೀ?" ಅಂದೆ.

"ಸುಮ್ಕಿರ ಮಾರಾಯ್ತಿ, ಜೋರಾಗಿ ಬಡದ್ರ ಅವ್ವಗ ಕೇಳತೈತಿ" ಅಂದರು. "ಕೇಳಿದ್ರ ಮಗಾ ಹೆಂಥಾ ರೊಟ್ಟಿ ಮಾಡಾಕತ್ತಾನ ಅಂತ ನಗತಾಳ. ಕೊಟ್ರಮ್ಮಗೂ ಹೇಳತಾಳ."

ನಾನು ಹತ್ತಿರ ಹೋಗಿ ಅವರ ಅಂಗೈಯನ್ನು ಹಿಡಿದು ಹಿಟ್ಟಿನ ಮೇಲೆ ಅಗಲವಾಗಿ ಇಟ್ಟೆ.

"ನಗಲಿ ಬಿಡ್ರಿ" ಅಂದೆ. "ಜೋರಾಗಿ ಬಡೀರಿ."